ಹೊಸ ಪ್ರೋಗ್ರಾಂಗೆ ಬಂದ ಮೇಲೆ ಅರ್ಧ ಕೀವರ್ಡ್ ಕಾಣುತ್ತಿಲ್ಲ. ಫೋಟೋ ಒಳಗೇ ಉಳಿಯುವ ಹಾಗೆ ಬರೆಯೋದು ಹೇಗೆ?

ನೆಗೆಟಿವ್‌ಪೆಟ್ಟಿಗೆ

ಎಲ್ಲರಿಗೂ ನಮಸ್ಕಾರ. ಪ್ರಶ್ನೆ ಸ್ವಲ್ಪ ಉದ್ದ ಇದೆ, ದಯವಿಟ್ಟು ಪೂರ್ತಿ ಓದಿ.

ನಮ್ಮ ಮನೆಯ ಫೋಟೋಗಳೆಲ್ಲ ನನ್ನ ಹತ್ತಿರ ಇವೆ. 31,000ದ ಆಸುಪಾಸು. ಅದರಲ್ಲಿ ನಾಲ್ಕು ಸಾವಿರ ಹಳೇ ಪ್ರಿಂಟ್ ಮತ್ತು ನೆಗೆಟಿವ್‌ಗಳಿಂದ ಸ್ಕ್ಯಾನ್ ಮಾಡಿದವು. ಆರು ವರ್ಷ ಬಿಡುವು ಸಿಕ್ಕಾಗಲೆಲ್ಲ ಕೂತು ಕೀವರ್ಡ್ (ಆಮೇಲೆ ಹುಡುಕಲು ಫೋಟೋಗೆ ಸೇರಿಸುವ ಪದಗಳು) ಹಾಕಿದ್ದೇನೆ, ಎಲ್ಲ ಕನ್ನಡದಲ್ಲೇ. ಹಳೇ ಫೋಟೋಗಳಲ್ಲಿ ಇರುವವರು ಯಾರು ಅಂತ ಹೇಳಿದ್ದು ನಮ್ಮ ಅಜ್ಜಿ. ಅವರು ಪಕ್ಕದಲ್ಲಿ ಕೂತು ಹೆಸರು ಹೇಳುತ್ತಿದ್ದರು, ನಾನು ಟೈಪ್ ಮಾಡುತ್ತಿದ್ದೆ. ಅಜ್ಜಿ ಈಗಿಲ್ಲ. ಆ ಹೆಸರುಗಳು ಹೋದರೆ ಮತ್ತೆ ಕೇಳುವುದಕ್ಕೆ ಯಾರೂ ಇಲ್ಲ.

ಹೋದ ತಿಂಗಳು ಕಂಪ್ಯೂಟರ್ ಬದಲಾಯಿಸಿದೆ. ಹಳೇ ಪ್ರೋಗ್ರಾಂ ಹೊಸದರಲ್ಲಿ ಓಡುವುದಿಲ್ಲ. ಬೇರೆ ಪ್ರೋಗ್ರಾಂ ಹಾಕಿ ಅದೇ ಫೋಲ್ಡರ್ ತೋರಿಸಿದೆ. ಫೋಟೋ ಎಲ್ಲ ಬಂದವು. ಕೀವರ್ಡ್ ಮಾತ್ರ ಒಂದೊಂದು ಕಡೆ ಒಂದೊಂದು ಥರ. ಕೆಲವಕ್ಕೆ ಎಲ್ಲ ಸರಿಯಾಗಿ ಇವೆ. ಕೆಲವಕ್ಕೆ ಒಂದೂ ಇಲ್ಲ. ಕೆಲವು ಅರ್ಧಕ್ಕೆ ತುಂಡಾಗಿವೆ. "ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ" ಅಂತ ಇದ್ದದ್ದು "ಅಜ್ಜಿಯ ಎಂಬತ್ತನೇ ಹುಟ್ಟು" ಅಂತ ನಿಂತಿದೆ. ಒಂದು ಫೋಲ್ಡರ್‌ನ ಸ್ಕ್ಯಾನ್‌ಗಳಲ್ಲಿ ಬರೀ ಪ್ರಶ್ನೆ ಚಿಹ್ನೆಗಳು. ಇನ್ನು ಪಟ್ಟಿಯಲ್ಲಿ "ಕೋಟೆ" ಅನ್ನೋದು ಎರಡು ಸಲ ಇದೆ. ಕಣ್ಣಿಗೆ ಒಂದೇ ಥರ ಕಾಣುತ್ತದೆ, ಆದರೆ ಒಂದನ್ನು ಒತ್ತಿದರೆ 60 ಫೋಟೋ, ಇನ್ನೊಂದನ್ನು ಒತ್ತಿದರೆ 14.

ಪ್ರೋಗ್ರಾಂಗಳ ಹೆಸರು ಬರೆದಿಲ್ಲ. ಯಾರನ್ನೂ ದೂರುವುದು ನನ್ನ ಉದ್ದೇಶ ಅಲ್ಲ. ಹೆಸರುಗಳು ವಾಪಸ್ ಬೇಕು, ಅಷ್ಟೇ.

ಸೈಡ್‌ಕಾರ್

ಮೊದಲು ಒಂದು ಮಾತು. ಇವತ್ತಿನಿಂದ ಆ ಫೋಟೋಗಳಿಗೆ ಏನನ್ನೂ ಬರೆಯಬೇಡಿ. ಹೊಸ ಪ್ರೋಗ್ರಾಂನ ಸೆಟ್ಟಿಂಗ್‌ನಲ್ಲಿ "ಮೆಟಾಡೇಟಾವನ್ನು ಫೈಲ್‌ಗೆ ಬರೆ" ಅನ್ನುವಂಥ ಆಯ್ಕೆ ಇದ್ದರೆ ಆಫ್ ಮಾಡಿ. ಮೆಟಾಡೇಟಾ ಅಂದರೆ ಫೋಟೋ ಬಗೆಗಿನ ವಿವರ: ಕೀವರ್ಡ್, ದಿನಾಂಕ ಇತ್ಯಾದಿ. ಪೂರ್ತಿ ಲೈಬ್ರರಿಯನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿ ತೆಗೆದಿಡಿ. ಹಳೇ ಕಂಪ್ಯೂಟರ್‌ನ ಡಿಸ್ಕ್ ಅಳಿಸಿಲ್ಲ ತಾನೇ? ಅದನ್ನು ಹಾಗೇ ಇಡಿ.

ಆಗಿರೋದು ಇಷ್ಟು. ನೀವು ಕೀವರ್ಡ್ ಟೈಪ್ ಮಾಡಿದಾಗ ಅದು ಎರಡು ಜಾಗಕ್ಕೆ ಹೋಗಬಹುದು. ಒಂದು, ಪ್ರೋಗ್ರಾಂನ ಸ್ವಂತ ಡೇಟಾಬೇಸ್. ಎರಡು, ಫೋಟೋ ಫೈಲ್‌ನ ಒಳಗೆ. ಹೆಚ್ಚಿನ ಪ್ರೋಗ್ರಾಂಗಳು ಮೊದಲು ಡೇಟಾಬೇಸ್‌ಗೆ ಬರೆಯುತ್ತವೆ, ನೀವು ಕೇಳಿದರೆ ಮಾತ್ರ ಫೈಲ್‌ಗೆ. ಉದಾಹರಣೆಗೆ ಲೈಟ್‌ರೂಮ್ ಕ್ಲಾಸಿಕ್ ಅನ್ನುವ ಪ್ರೋಗ್ರಾಂನಲ್ಲಿ ಫೋಟೋ ಆರಿಸಿ ಸೇವ್ ಕೊಡಬೇಕು, ಇಲ್ಲವೇ ತಾನಾಗಿಯೇ ಬರೆಯುವ ಆಯ್ಕೆಯನ್ನು ಆನ್ ಮಾಡಿರಬೇಕು. ಡಿಜಿಕ್ಯಾಮ್‌ನಲ್ಲಿ ಯಾವ ಯಾವ ವಿವರ ಫೈಲ್‌ಗೆ ಹೋಗಬೇಕು ಅಂತ ಒಂದೊಂದಾಗಿ ಟಿಕ್ ಮಾಡಬಹುದು. ನಿಮ್ಮ ಹಳೇ ಪ್ರೋಗ್ರಾಂನಲ್ಲಿ ಈ ಆಯ್ಕೆ ಕೆಲವು ಕಾಲ ಆನ್ ಇತ್ತು, ಕೆಲವು ಕಾಲ ಇರಲಿಲ್ಲ ಅಂತ ಕಾಣುತ್ತದೆ. ಕೀವರ್ಡ್ ಒಂದೂ ಇಲ್ಲದ ಫೋಟೋಗಳು ಆ ಎರಡನೇ ಕಾಲದವು.

ಊಹೆ ಬೇಡ, ನೋಡಿಯೇ ಬಿಡೋಣ. ಎಕ್ಸಿಫ್‌ಟೂಲ್ ಅಂತ ಒಂದು ಉಚಿತ ಸಾಧನ ಇದೆ, ಫಿಲ್ ಹಾರ್ವೆ ಅವರು 2003ರಿಂದ ಬೆಳೆಸುತ್ತಾ ಬಂದಿರೋದು. ಫೈಲ್ ಒಳಗೆ ಏನೇನು ಬರೆದಿದೆ, ಯಾವ ವಿಭಾಗದಲ್ಲಿ ಬರೆದಿದೆ ಅನ್ನೋದನ್ನು ಇದು ತೋರಿಸುತ್ತದೆ. ಪ್ರತಿ ಸಮಸ್ಯೆಗೂ ಒಂದೊಂದು ಫೋಟೋ ಆರಿಸಿ ಅದರಲ್ಲಿ ನೋಡಿ. ಆ ವಿಭಾಗದ, ಅಂದರೆ ಗುಂಪಿನ, ಹೆಸರು ಕಾಣುವ ಹಾಗೆ ಕೇಳಿ, ಅದು ಮುಖ್ಯ.

ಮೊದಲಶಟರ್

ನಡುವೆ ಬಂದಿದ್ದಕ್ಕೆ ಕ್ಷಮಿಸಿ. ಫೋಟೋ ಒಳಗೆ ಬರೆದರೆ ಫೋಟೋದ ಗುಣಮಟ್ಟ ಹಾಳಾಗಲ್ವಾ? ಜೆಪೆಗ್ ಅನ್ನು ಮತ್ತೆ ಮತ್ತೆ ಸೇವ್ ಮಾಡಬಾರದು ಅಂತ ಕೇಳಿದ್ದೇನೆ. ಅದಕ್ಕೇ ನಾನು ಇದುವರೆಗೆ ಏನೂ ಬರೆದಿಲ್ಲ.

ಸೈಡ್‌ಕಾರ್

ಒಳ್ಳೇ ಪ್ರಶ್ನೆ. ಇಲ್ಲ, ಹಾಳಾಗಲ್ಲ. ಫೋಟೋ ತೆರೆದು ತಿದ್ದಿ ಸೇವ್ ಮಾಡಿದಾಗ ಚಿತ್ರವನ್ನು ಮತ್ತೆ ಕುಗ್ಗಿಸಲಾಗುತ್ತದೆ, ಹಾಳಾಗೋದು ಅದರಿಂದ. ಮೆಟಾಡೇಟಾ ಇರೋದು ಫೈಲ್‌ನ ಮುಂಭಾಗದಲ್ಲಿ, ಬೇರೆಯದೇ ಖಾನೆಗಳಲ್ಲಿ. ಅದನ್ನು ಮಾತ್ರ ಬದಲಾಯಿಸಿದರೆ ಚಿತ್ರದ ಡೇಟಾ ಒಂದು ಬಿಟ್ ಕೂಡ ಬದಲಾಗುವುದಿಲ್ಲ. ಧೈರ್ಯವಾಗಿ ಬರೆಯಿರಿ. ಆದರೆ ಬರೆಯುವ ಹೊತ್ತಿಗೆ ಕರೆಂಟ್ ಹೋದರೆ ಫೈಲೇ ಕೆಡಬಹುದು, ಹಾಗಾಗಿ ಬ್ಯಾಕಪ್ ಇಲ್ಲದೆ ಕೈ ಹಾಕಬೇಡಿ. ಎಕ್ಸಿಫ್‌ಟೂಲ್ ನೀವು ಬೇಡ ಅನ್ನದ ಹೊರತು ಹಳೇ ಫೈಲ್‌ನ ಒಂದು ಪ್ರತಿಯನ್ನು ಪಕ್ಕದಲ್ಲೇ ಇಟ್ಟುಕೊಳ್ಳುತ್ತದೆ.

ನೆಗೆಟಿವ್‌ಪೆಟ್ಟಿಗೆ

ಹಳೇ ಡಿಸ್ಕ್ ಭದ್ರವಾಗಿದೆ. ಪೂರ್ತಿ ಕಾಪಿ ಕೂಡ ಆಯಿತು. ಐದು ಫೋಟೋ ನೋಡಿದೆ.

ಕೀವರ್ಡ್ ಇಲ್ಲದ ಫೋಟೋದಲ್ಲಿ ನಿಜವಾಗಲೂ ಏನೂ ಇಲ್ಲ, ಕ್ಯಾಮೆರಾದ ವಿವರ ಬಿಟ್ಟರೆ. ಸರಿಯಾಗಿರುವ ಫೋಟೋದಲ್ಲಿ ಕೀವರ್ಡ್‌ಗಳು ಎರಡು ಕಡೆ ಇವೆ: ಐಪಿಟಿಸಿ ಗುಂಪಿನಲ್ಲಿ ಒಂದು ಸಲ, ಎಕ್ಸ್‌ಎಂಪಿ ಗುಂಪಿನಲ್ಲಿ ಇನ್ನೊಂದು ಸಲ. ತುಂಡಾದ ಫೋಟೋದಲ್ಲಿ ಐಪಿಟಿಸಿ ಮಾತ್ರ ತುಂಡಾಗಿದೆ, ಎಕ್ಸ್‌ಎಂಪಿಯಲ್ಲಿ "ಹುಟ್ಟುಹಬ್ಬ" ಪೂರ್ತಿ ಇದೆ! ಪ್ರಶ್ನೆ ಚಿಹ್ನೆಯ ಫೋಟೋದಲ್ಲಿ ಐಪಿಟಿಸಿ ಮಾತ್ರ ಇದೆ, ಎಕ್ಸ್‌ಎಂಪಿ ಖಾಲಿ. ಒಂದೇ ಕೀವರ್ಡ್ ಎರಡು ಕಡೆ ಯಾಕೆ?

ಹಳೇಡೆಸ್ಕ್

ಇದಕ್ಕೆ ನಾನು ಉತ್ತರಿಸುತ್ತೇನೆ. ಫೋಟೋ ವಿಭಾಗದಲ್ಲಿ ಹಲವು ವರ್ಷ ಕ್ಯಾಪ್ಶನ್ ಬರೆಯುವ ಕೆಲಸ ಮಾಡಿದವನು ನಾನು.

ಫೋಟೋ ಫೈಲ್ ಒಳಗೆ ಮೂರು ಡ್ರಾಯರ್ ಇವೆ ಅಂದುಕೊಳ್ಳಿ. ಮೂರನ್ನೂ ಬೇರೆ ಬೇರೆ ಜನ, ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಅಗತ್ಯಕ್ಕೆ ಮಾಡಿದರು. ಎಕ್ಸಿಫ್ ಬಂದದ್ದು 1995ರಲ್ಲಿ, ಜಪಾನಿನ ಎಲೆಕ್ಟ್ರಾನಿಕ್ಸ್ ಉದ್ಯಮದ ಸಂಘದಿಂದ. ಅದು ಕ್ಯಾಮೆರಾ ತಾನೇ ಬರೆಯುವ ಡ್ರಾಯರ್: ಸಮಯ, ಶಟರ್ ವೇಗ, ಲೆನ್ಸ್, ಜಿಪಿಎಸ್. ಐಪಿಟಿಸಿ ಅನ್ನೋದು ಸುದ್ದಿ ಸಂಸ್ಥೆಗಳ ಅಂತರರಾಷ್ಟ್ರೀಯ ಮಂಡಳಿ, 1965ರಲ್ಲಿ ಶುರುವಾದದ್ದು. 1990ರ ದಶಕದ ಆರಂಭದಲ್ಲಿ ಅವರು ಫೋಟೋ ಜೊತೆಗೆ ಕ್ಯಾಪ್ಶನ್, ಕೀವರ್ಡ್, ಊರು, ಛಾಯಾಗ್ರಾಹಕರ ಹೆಸರು ಕಳಿಸುವುದಕ್ಕೆ ಒಂದು ನಮೂನೆ ಮಾಡಿದರು. ಫೋಟೋಶಾಪ್ ಅದನ್ನು ಫೈಲ್ ಒಳಗೆ ಬರೆಯುವ ವ್ಯವಸ್ಥೆ ತಂದ ಮೇಲೆ ಅದು ಎಲ್ಲ ಕಡೆ ಹಬ್ಬಿತು. ಆ ಕಾಲದಲ್ಲಿ ಜಾಗ ದುಬಾರಿ. ಒಂದೊಂದು ಕೀವರ್ಡ್‌ಗೆ 64 ಬೈಟ್ ಅಂತ ಮಿತಿ ಇಟ್ಟರು. ಮೂರನೆಯದು ಎಕ್ಸ್‌ಎಂಪಿ, ಅಡೋಬಿ 2001ರಲ್ಲಿ ತಂದದ್ದು. 2012ರಲ್ಲಿ ಅದು ಐಎಸ್‌ಒ ಮಾನದಂಡವಾಯಿತು. ಅದರಲ್ಲಿ 64 ಬೈಟ್‌ನ ಮಿತಿ ಇಲ್ಲ, ಯಾವ ಲಿಪಿಯಾದರೂ ನಡೆಯುತ್ತದೆ.

ಹಳೇ ಪ್ರೋಗ್ರಾಂಗಳಿಗೂ ಅರ್ಥವಾಗಲಿ ಅಂತ ಹೊಸ ಪ್ರೋಗ್ರಾಂಗಳು ಐಪಿಟಿಸಿ, ಎಕ್ಸ್‌ಎಂಪಿ ಎರಡೂ ಡ್ರಾಯರ್‌ಗಳಲ್ಲಿ ಒಂದೇ ಕೀವರ್ಡ್ ಇಡುತ್ತವೆ. ಎರಡೂ ಒಂದೇ ಆಗಿದ್ದರೆ ತೊಂದರೆ ಇಲ್ಲ. ಒಂದನ್ನು ಯಾರೋ ಬದಲಾಯಿಸಿ ಇನ್ನೊಂದನ್ನು ಬಿಟ್ಟರೆ ಯಾವುದನ್ನು ನಂಬಬೇಕು? ಇದಕ್ಕೆಂದೇ ಅಡೋಬಿ, ಆಪಲ್, ಕ್ಯಾನನ್, ಮೈಕ್ರೋಸಾಫ್ಟ್, ನೋಕಿಯಾ, ಸೋನಿ ಸೇರಿ ಮೆಟಾಡೇಟಾ ವರ್ಕಿಂಗ್ ಗ್ರೂಪ್ ಅಂತ ಮಾಡಿಕೊಂಡು ನಿಯಮ ಬರೆದರು. ಐಪಿಟಿಸಿ ಭಾಗದ ಒಂದು ಬೆರಳಚ್ಚನ್ನು (ಆ ಭಾಗದಿಂದ ಲೆಕ್ಕ ಹಾಕಿದ ಗುರುತು) ಫೈಲ್‌ನಲ್ಲೇ ಇಟ್ಟಿರಬೇಕು. ಓದುವಾಗ ಅದು ತಾಳೆಯಾದರೆ ಎಕ್ಸ್‌ಎಂಪಿಯನ್ನು ನಂಬಬೇಕು. ತಾಳೆಯಾಗದಿದ್ದರೆ ಹಳೇ ಪ್ರೋಗ್ರಾಂ ಒಂದು ಐಪಿಟಿಸಿಯನ್ನು ಮುಟ್ಟಿದೆ ಅಂತ ತಿಳಿದು ಅದನ್ನು ನಂಬಬೇಕು. ಒಳ್ಳೇ ನಿಯಮ. ಎಲ್ಲರೂ ಪಾಲಿಸುವುದಿಲ್ಲ. ನಿಮ್ಮ ಹೊಸ ಪ್ರೋಗ್ರಾಂ ಐಪಿಟಿಸಿ ಕಂಡರೆ ಅದನ್ನೇ ತೋರಿಸುತ್ತಿದೆ. ಹಾಗಾಗಿ ನಿಮ್ಮ ತುಂಡಾದ ಕೀವರ್ಡ್‌ಗಳೆಲ್ಲ ಪೂರ್ತಿಯಾಗಿ ಎಕ್ಸ್‌ಎಂಪಿಯಲ್ಲಿ ಕೂತಿವೆ. ಸಮಾಧಾನ ಮಾಡಿಕೊಳ್ಳಿ.

ಅಕ್ಷರಗಣಿತ

ಹಳೇಡೆಸ್ಕ್ ಸರ್ ಹೇಳಿದ 64 ಬೈಟ್ ವಿಷಯವನ್ನು ಕನ್ನಡದಲ್ಲಿ ಬರೆಯುವವರೆಲ್ಲ ತಿಳಿದಿರಬೇಕು. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಯುಟಿಎಫ್-8 ಅನ್ನೋದು ಎಲ್ಲ ಲಿಪಿಗಳನ್ನೂ ಬೈಟ್‌ಗಳಾಗಿ ಬರೆಯುವ ರೀತಿ, ಅದರಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ ಮೂರು ಬೈಟ್. ಸಂಕೇತ ಅಂದರೆ ನಾವು ಓದುವ ಅಕ್ಷರ ಅಲ್ಲ. ವ್ಯಂಜನ ಒಂದು, ವಿರಾಮ (ಅರ್ಧಾಕ್ಷರ ಮಾಡುವ ಚಿಹ್ನೆ) ಒಂದು, ಸ್ವರ ಚಿಹ್ನೆ ಒಂದು ಅಂತ ಬೇರೆ ಬೇರೆ ಎಣಿಕೆ. "ಸ್ತ್ರೀ" ಕಣ್ಣಿಗೆ ಒಂದೇ ಅಕ್ಷರ, ಒಳಗೆ ಆರು ಸಂಕೇತ, 18 ಬೈಟ್. 64 ಬೈಟ್‌ನಲ್ಲಿ 21 ಸಂಕೇತ ಹಿಡಿಯುತ್ತದೆ, ಅಷ್ಟೇ.

ನಿಮ್ಮ ಉದಾಹರಣೆಯನ್ನೇ ಎಣಿಸಿದೆ. "ಅಜ್ಜಿಯ" ಆರು ಸಂಕೇತ, "ಎಂಬತ್ತನೇ" ಎಂಟು, "ಹುಟ್ಟುಹಬ್ಬ" ಹತ್ತು. 24 ಸಂಕೇತಕ್ಕೆ 72 ಬೈಟ್, ಎರಡು ಖಾಲಿ ಜಾಗ ಸೇರಿ 74. "ಹುಟ್ಟು" ಮುಗಿಯುವ ಹೊತ್ತಿಗೆ 62 ಆಗುತ್ತದೆ. ಉಳಿದ ಎರಡು ಬೈಟ್‌ನಲ್ಲಿ "ಹ" ಹಿಡಿಯುವುದಿಲ್ಲ. ಸರಿಯಾಗಿ ಅಲ್ಲೇ ತುಂಡಾಗಿದೆ ನೋಡಿ.

ಪ್ರಶ್ನೆ ಚಿಹ್ನೆಗಳ ಕಥೆ ಬೇರೆ. ಐಪಿಟಿಸಿ ಡ್ರಾಯರ್‌ನಲ್ಲಿ "ಇಲ್ಲಿರುವುದು ಯುಟಿಎಫ್-8" ಅಂತ ಸಾರುವ ಒಂದು ಪುಟ್ಟ ಗುರುತು ಇರಬೇಕು. ಅದಿಲ್ಲದೆ ಬರೆದರೆ ಕೆಲವು ಸಾಧನಗಳು ಲ್ಯಾಟಿನ್ ಅಕ್ಷರಗಳಷ್ಟೇ ಸಾಧ್ಯ ಅಂತ ತಿಳಿದು, ಕನ್ನಡದ ಪ್ರತಿ ಸಂಕೇತಕ್ಕೂ ಒಂದು ಪ್ರಶ್ನೆ ಚಿಹ್ನೆ ಬರೆದುಬಿಡುತ್ತವೆ. ಇದು ಬರೀ ತೋರಿಕೆಯ ದೋಷ ಅಲ್ಲ. ಫೈಲ್‌ನಲ್ಲಿ ಇರೋದೇ ಪ್ರಶ್ನೆ ಚಿಹ್ನೆ. ಆ ಫೋಲ್ಡರ್‌ಗೆ ಯಾವುದಾದರೂ ಸ್ಕ್ರಿಪ್ಟ್ (ತಾನಾಗಿಯೇ ಕೆಲಸ ಮಾಡುವ ಪುಟ್ಟ ಪ್ರೋಗ್ರಾಂ) ಓಡಿಸಿದ್ದಿರಾ?

ಇನ್ನು ನಿಮ್ಮ ಎರಡು "ಕೋಟೆ". ಯುನಿಕೋಡ್‌ನಲ್ಲಿ ಓತ್ವದ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಬಿಡಿಸಿ ಮೂರಾಗಿಯೂ ಬರೆಯಬಹುದು. ಕಣ್ಣಿಗೆ ವ್ಯತ್ಯಾಸ ಇಲ್ಲ, ಕಂಪ್ಯೂಟರ್‌ಗೆ ಎರಡು ಬೇರೆ ಪದ. ಕೀ, ಕೇ, ಕೈ, ಕೊ ಇವುಗಳಿಗೂ ಇದೇ ಪಾಡು. ಕೀಬೋರ್ಡ್‌ನಲ್ಲಿ ಟೈಪ್ ಮಾಡಿದ್ದು ಸಾಮಾನ್ಯವಾಗಿ ಕೂಡಿದ ರೂಪ. ಬಿಡಿಸಿದ ರೂಪ ಎಲ್ಲಿಂದ ಬಂತು ಅಂದರೆ, ಮ್ಯಾಕ್‌ನ ಹಳೇ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್‌ಗಳು ಫೈಲ್ ಮತ್ತು ಫೋಲ್ಡರ್ ಹೆಸರುಗಳನ್ನು ಬಿಡಿಸಿಯೇ ಇಡುತ್ತಿದ್ದವು. ಫೋಲ್ಡರ್ ಹೆಸರಿನಿಂದ ಕೀವರ್ಡ್ ಮಾಡಿದ್ದರೆ ಹೀಗಾಗುತ್ತದೆ.

ಇದರ ಜೊತೆಗೆ ಕಾಣದ ಇನ್ನೊಂದು ಸಂಕೇತ ಇದೆ. "ಪಾರ್ಕ್", "ಬಸ್" ಥರದ ಪದಗಳ ಕೊನೆಯ ಅರ್ಧಾಕ್ಷರ ಮುಂದಿನದಕ್ಕೆ ಅಂಟದಿರಲಿ ಅಂತ ಕೆಲವು ಕೀಬೋರ್ಡ್‌ಗಳು ಒಂದು ಶೂನ್ಯ ಅಗಲದ ಸಂಕೇತ ಸೇರಿಸುತ್ತವೆ. "ಪಾರ್ಕ್‌ನಲ್ಲಿ" ಅಂತ ಬರೆಯುವಾಗ ಅದು ಬೇಕು. ಬರೀ "ಪಾರ್ಕ್" ಅಂತ ನಿಲ್ಲಿಸಿದರೂ ಅದು ಬಾಲದಲ್ಲಿ ಉಳಿದುಬಿಟ್ಟರೆ ನಿಮ್ಮ ಪಟ್ಟಿಯಲ್ಲಿ ಎರಡು "ಪಾರ್ಕ್" ಆಗುತ್ತವೆ.

ನೆಗೆಟಿವ್‌ಪೆಟ್ಟಿಗೆ

ಅಕ್ಷರಗಣಿತ ಅವರೇ, ಎಲ್ಲವೂ ಹೌದು. "ಕೋಟೆ" ಫೋಲ್ಡರ್ ನನ್ನ ತಮ್ಮನ ಹಳೇ ಮ್ಯಾಕ್‌ನಿಂದ ಬಂದದ್ದು. ಸ್ಕ್ರಿಪ್ಟ್ ಕೂಡ ಹೌದು. ಮೂರು ವರ್ಷದ ಹಿಂದೆ, ಕೀವರ್ಡ್‌ಗಳನ್ನು ಫೈಲ್‌ಗೆ ಬರೆಯೋಣ ಅಂತ ಎಲ್ಲೋ ಸಿಕ್ಕ ಸ್ಕ್ರಿಪ್ಟ್ ಅನ್ನು ಒಂದು ಫೋಲ್ಡರ್ ಮೇಲೆ ಓಡಿಸಿ ನೋಡಿದ್ದೆ. 340 ಸ್ಕ್ಯಾನ್‌ಗಳು. ಆಮೇಲೆ ಹಳೇ ಪ್ರೋಗ್ರಾಂನಲ್ಲಿ "ಫೈಲ್‌ನಿಂದ ಮತ್ತೆ ಓದು" ಅಂತ ಕೊಟ್ಟೆ. ಈಗ ಹಳೇ ಡೇಟಾಬೇಸ್‌ನಲ್ಲಿಯೂ ಆ 340ಕ್ಕೆ ಪ್ರಶ್ನೆ ಚಿಹ್ನೆಗಳೇ ಇವೆ. ನೆನ್ನೆ ಹಳೇ ಡಿಸ್ಕ್ ಜೋಡಿಸಿ ನೋಡಿದಾಗ ಗೊತ್ತಾಯಿತು. ಅಜ್ಜಿ ಹೇಳಿದ ಹೆಸರುಗಳು ಹೆಚ್ಚಾಗಿ ಇರೋದು ಅದೇ ಫೋಲ್ಡರ್‌ನಲ್ಲಿ.

ಸೈಡ್‌ಕಾರ್

ಧೃತಿಗೆಡಬೇಡಿ. ಇಂಥ ಹಲವು ಪ್ರೋಗ್ರಾಂಗಳು ತಮ್ಮ ಡೇಟಾಬೇಸ್‌ನ ಪ್ರತಿಯನ್ನು ಆಗಾಗ ತೆಗೆದಿಡುತ್ತವೆ. ಡೇಟಾಬೇಸ್ ಇರುವ ಫೋಲ್ಡರ್‌ನ ಅಕ್ಕಪಕ್ಕ ಬ್ಯಾಕಪ್ ಅನ್ನುವ ಹೆಸರಿನಲ್ಲಿ ಏನಾದರೂ ಇದೆಯಾ ನೋಡಿ. ಸ್ಕ್ರಿಪ್ಟ್ ಓಡಿಸಿದ ದಿನಕ್ಕಿಂತ ಹಿಂದಿನದು ಬೇಕು. ಲೈಟ್‌ರೂಮ್ ಕ್ಯಾಟಲಾಗ್ ಆಗಲಿ, ಡಿಜಿಕ್ಯಾಮ್‌ನದಾಗಲಿ, ಒಳಗೆ ಸಾಮಾನ್ಯವಾಗಿ ಇರೋದು ಎಸ್‌ಕ್ಯೂಲೈಟ್, ಅಂದರೆ ಬೇರೆ ಸಾಧನಗಳೂ ಓದಬಲ್ಲ ಡೇಟಾಬೇಸ್ ನಮೂನೆ. ನಿಮ್ಮದೂ ಅದೇ ಆಗಿದ್ದರೆ ಮೂಲ ಪ್ರೋಗ್ರಾಂ ಓಡದಿದ್ದರೂ ತೆರೆದು ಓದಬಹುದು.

ಬ್ಯಾಕಪ್‌ಕಾವಲು

ಅವರು ಹುಡುಕುವಷ್ಟರಲ್ಲಿ ನನ್ನದೊಂದು ಆಕ್ಷೇಪ. ಎಲ್ಲರೂ "ಫೈಲ್ ಒಳಗೇ ಬರೆಯಿರಿ" ಅನ್ನುತ್ತಿದ್ದೀರಿ. ನನಗೆ ಒಪ್ಪಿಗೆ ಇಲ್ಲ. ನನ್ನ ಮೂಲ ಫೈಲ್‌ಗಳು ಒಂದು ಸಲ ಡಿಸ್ಕ್‌ಗೆ ಬಂದ ಮೇಲೆ ಬದಲಾಗಬಾರದು ಅಂತ ನಾನು ನಿಯಮ ಇಟ್ಟುಕೊಂಡಿದ್ದೇನೆ. ಪ್ರತಿ ಫೈಲ್‌ಗೂ ಒಂದು ಚೆಕ್‌ಸಮ್ (ಫೈಲ್‌ನ ಡೇಟಾದಿಂದ ಲೆಕ್ಕ ಹಾಕಿದ ಗುರುತಿನ ಸಂಖ್ಯೆ) ಇದೆ. ವರ್ಷಕ್ಕೆ ಎರಡು ಸಲ ತಾಳೆ ನೋಡುತ್ತೇನೆ. ತಾಳೆಯಾಗದಿದ್ದರೆ ಡಿಸ್ಕ್ ಕೆಡುತ್ತಿದೆ ಅಂತ ಗೊತ್ತಾಗುತ್ತದೆ. ಕೀವರ್ಡ್ ಬರೆದರೆ ಪ್ರತಿ ಫೈಲ್‌ನ ಚೆಕ್‌ಸಮ್ಮೂ ಬದಲಾಗುತ್ತದೆ, ಆಗ ಕೆಟ್ಟದ್ದು ಯಾವುದು, ನಾನೇ ಬದಲಿಸಿದ್ದು ಯಾವುದು ಅಂತ ಹೇಳುವುದು ಹೇಗೆ? ಆನ್‌ಲೈನ್ ಬ್ಯಾಕಪ್ ಇದ್ದವರಿಗೆ ಒಂದು ಪದ ಬದಲಾಯಿಸಿದರೂ ಪೂರ್ತಿ ಫೈಲ್ ಮತ್ತೆ ಅಪ್‌ಲೋಡ್ ಆಗಬಹುದು. ಅದಕ್ಕೇ ನಾನು ಎಲ್ಲಕ್ಕೂ ಸೈಡ್‌ಕಾರ್ ಬಳಸುತ್ತೇನೆ. ಫೋಟೋ ಪಕ್ಕದಲ್ಲಿ ಒಂದು ಸಣ್ಣ ಎಕ್ಸ್‌ಎಂಪಿ ಫೈಲ್, ಬದಲಾಗುವುದೆಲ್ಲ ಅದರಲ್ಲಿ.

ಹಳೇಡೆಸ್ಕ್

ನಿಮ್ಮ ಕಾಳಜಿ ನನಗೂ ಅರ್ಥವಾಗುತ್ತದೆ. ರಾ ಫೈಲ್‌ಗಳಿಗೆ (ಕ್ಯಾಮೆರಾ ಸಂಸ್ಕರಿಸದೆ ಕೊಡುವ ಫೋಟೋ) ನಾನೂ ಸೈಡ್‌ಕಾರೇ ಬಳಸುತ್ತೇನೆ. ಕ್ಯಾಮೆರಾ ಕಂಪನಿಗಳು ಅವುಗಳ ಒಳರಚನೆಯನ್ನು ಬಿಚ್ಚಿ ಹೇಳುವುದಿಲ್ಲ, ಹಾಗಾಗಿ ಕೈ ಹಾಕದಿರುವುದೇ ಕ್ಷೇಮ. ಆದರೆ ಜೆಪೆಗ್‌ಗೆ ಒಳಗೇ ಬರೆಯಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಯಾಕೆ ಅಂದರೆ, ಸೈಡ್‌ಕಾರ್ ಬೇರೆಯಾಗಿ ಹೋಗುತ್ತದೆ. ತಂಗಿ ಬಂದು ಹತ್ತು ಫೋಟೋ ಪೆನ್‌ಡ್ರೈವ್‌ಗೆ ಹಾಕಿಕೊಂಡು ಹೋಗುತ್ತಾಳೆ, ಪಕ್ಕದ ಸಣ್ಣ ಫೈಲ್ ಏನು ಅಂತ ಅವಳಿಗೆ ಗೊತ್ತಿರುವುದಿಲ್ಲ. ಹೆಸರಿಡುವ ರೀತಿಯೂ ಒಂದೇ ಅಲ್ಲ. ಅಡೋಬಿಯ ಪ್ರೋಗ್ರಾಂಗಳು ಫೋಟೋ ಫೈಲ್ ಹೆಸರಿನ ಬಾಲ (.jpg ಥರದ್ದು) ತೆಗೆದು ಎಕ್ಸ್‌ಎಂಪಿ ಅಂತ ಸೇರಿಸುತ್ತವೆ. ಡಾರ್ಕ್‌ಟೇಬಲ್ ಮತ್ತು ಡಿಜಿಕ್ಯಾಮ್ ಬಾಲವನ್ನೂ ಉಳಿಸಿಕೊಂಡು ಅದರ ಮುಂದೆ ಸೇರಿಸುತ್ತವೆ. ಒಂದು ಬರೆದದ್ದನ್ನು ಇನ್ನೊಂದು ನೋಡದೇ ಹೋಗಬಹುದು. ಡಿಜಿಕ್ಯಾಮ್‌ನಲ್ಲಿ ಅಡೋಬಿ ರೀತಿಯ ಹೆಸರು ಕೊಡುವ ಆಯ್ಕೆ ಇದೆ. ಆದರೆ ಒಂದೇ ಹೆಸರಿನ ರಾ ಮತ್ತು ಜೆಪೆಗ್ ಜೋಡಿ ಇಟ್ಟುಕೊಂಡವರಿಗೆ ಆಗ ಎರಡಕ್ಕೂ ಒಂದೇ ಸೈಡ್‌ಕಾರ್ ಆಗಿ ಗೊಂದಲವಾಗುತ್ತದೆ.

ಇಪ್ಪತ್ತು ವರ್ಷದ ನಂತರ ಆ ಫೋಟೋ ಯಾರ ಕೈಯಲ್ಲಿ ಇರುತ್ತದೋ ಗೊತ್ತಿಲ್ಲ. ಪ್ರಿಂಟ್‌ನ ಹಿಂದೆ ಪೆನ್ಸಿಲ್‌ನಲ್ಲಿ ಬರೆದ ಹೆಸರು ಪ್ರಿಂಟ್ ಹೋದಲ್ಲೆಲ್ಲ ಹೋಗುತ್ತದೆ ಅಲ್ವಾ? ಹಾಗೆ ಇದೂ ಹೋಗಬೇಕು.

ಬ್ಯಾಕಪ್‌ಕಾವಲು

ತಂಗಿಯ ಉದಾಹರಣೆ ಒಪ್ಪಿದೆ. ಹಾಗಾದರೆ ಮಧ್ಯದ ದಾರಿ ಒಂದು ಹೇಳುತ್ತೇನೆ. ಕೀವರ್ಡ್ ಕೆಲಸವನ್ನು ಡೇಟಾಬೇಸ್‌ನಲ್ಲೇ ಮಾಡುತ್ತಾ ಹೋಗಿ. ಒಂದು ಫೋಲ್ಡರ್ ಪೂರ್ತಿ ಆದ ಮೇಲೆ ಒಂದೇ ಸಲ ಫೈಲ್‌ಗೆ ಬರೆಯಿರಿ. ಬರೆಯುವ ಮುಂಚೆ ಹಳೇ ಚೆಕ್‌ಸಮ್ ತಾಳೆ ನೋಡಿ, ಬರೆದ ಮೇಲೆ ಹೊಸದು ತೆಗೆಯಿರಿ. ಆಗ ಫೈಲ್ ಬದಲಾಗೋದು ಒಂದೇ ಸಲ, ಬ್ಯಾಕಪ್ ಕೂಡ ಒಂದೇ ಸಲ.

ನಾನು ಹೊರಟ ದಾರಿಯಿಂದ ಸ್ವಲ್ಪ ಸರಿದಿದ್ದೇನೆ, ಆದರೆ ಇದು ನನಗೂ ಹೊಂದುತ್ತದೆ.

ಮೊದಲಶಟರ್

ನಾನು ಈಗಷ್ಟೇ ಶುರು ಮಾಡುತ್ತಿದ್ದೇನೆ. ಒಂದು ಫೋಟೋಗೆ ಎಷ್ಟು ಕೀವರ್ಡ್ ಹಾಕಬೇಕು? ನನ್ನ ಪಟ್ಟಿ ಎರಡೇ ವಾರದಲ್ಲಿ 300 ದಾಟಿದೆ.

ಪಟ್ಟಿಗಾರ್ತಿ

ಇಷ್ಟೇ ಅಂತ ಲೆಕ್ಕ ಇಲ್ಲ. ಮುಂದೆ ಯಾವ ಪದದಿಂದ ಹುಡುಕುತ್ತೀರೋ ಅದನ್ನು ಹಾಕಿ. ಕ್ಯಾಮೆರಾ ಈಗಾಗಲೇ ಬರೆದಿರುವುದನ್ನು ಮತ್ತೆ ಬರೆಯಬೇಡಿ. ವರ್ಷ, ತಿಂಗಳು, ಲೆನ್ಸ್ ಇವೆಲ್ಲ ಎಕ್ಸಿಫ್‌ನಲ್ಲಿ ಇವೆ. ಊರಿಗೆ, ದೇಶಕ್ಕೆ ಐಪಿಟಿಸಿಯಲ್ಲಿ ಬೇರೆ ಖಾನೆಗಳೇ ಇವೆ. ವಾಕ್ಯ ಬರೆಯಬೇಕೆನಿಸಿದರೆ ಕ್ಯಾಪ್ಶನ್‌ಗೆ ಬರೆಯಿರಿ. "ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ" ನನ್ನ ಪ್ರಕಾರ ಕ್ಯಾಪ್ಶನ್. ಕೀವರ್ಡ್ ಆಗಬೇಕಾದದ್ದು "ಹುಟ್ಟುಹಬ್ಬ" ಮತ್ತು ಅಜ್ಜಿಯ ಹೆಸರು. ಹೀಗೆ ಮಾಡಿದರೆ 64 ಬೈಟ್‌ನ ಕಾಟವೂ ಹೆಚ್ಚಿನ ಸಲ ಬರುವುದಿಲ್ಲ.

ಹೆಸರಿನ ವಿಷಯ ಬಂತು. ದಯವಿಟ್ಟು ಅಜ್ಜಿ, ಅತ್ತೆ, ಚಿಕ್ಕಪ್ಪ ಅಂತ ಕೀವರ್ಡ್ ಹಾಕಬೇಡಿ. ನಾನು ವರ್ಷಗಟ್ಟಲೆ ಹಾಕಿ ಆಮೇಲೆ ಪಟ್ಟ ಪಾಡು ಅಷ್ಟಿಷ್ಟಲ್ಲ. ನನಗೆ ಅತ್ತೆ ಆದವರು ನನ್ನ ಮಗಳಿಗೆ ಅಜ್ಜಿ. ನನ್ನ ತವರಿನ ಕಡೆಯ ಅಜ್ಜಿಯೂ ಅದೇ ಪಟ್ಟಿಯಲ್ಲಿ ಅಜ್ಜಿ. ನಾಳೆ ಮಗಳು ಈ ಲೈಬ್ರರಿ ತೆರೆದರೆ "ಅಜ್ಜಿ" ಅಂದರೆ ಯಾರು ಅಂತ ಅವಳಿಗೆ ತಿಳಿಯಬೇಕಲ್ಲ. ಪೂರ್ತಿ ಹೆಸರು ಕೀವರ್ಡ್‌ಗೆ, ಸಂಬಂಧ ಕ್ಯಾಪ್ಶನ್‌ಗೆ. "ಎಡದಿಂದ ಎರಡನೆಯವರು, ನನ್ನ ತಾಯಿಯ ತಾಯಿ" ಅಂತ ಬರೆದರೆ ಯಾವ ಕಾಲಕ್ಕೂ ಅರ್ಥವಾಗುತ್ತದೆ. ಮದುವೆ ಆದ ಮೇಲೆ ಹೆಸರು ಬದಲಾದವರಿಗೆ ಒಂದೇ ಹೆಸರನ್ನು ಮುಖ್ಯ ಅಂತ ಆರಿಸಿ, ಇನ್ನೊಂದನ್ನು ಪರ್ಯಾಯ ಪದವಾಗಿ ಕೊಡಿ. ಲೈಟ್‌ರೂಮ್‌ನಲ್ಲಿ ಅದಕ್ಕೆ ಜಾಗ ಇದೆ.

ಮೇಲೆ ಕೆಳಗೆ ಹಂತ ಇರುವ ಕೀವರ್ಡ್‌ಗಳ ಬಗ್ಗೆ ಒಂದು ಎಚ್ಚರಿಕೆ. "ಜನ, ಅದರೊಳಗೆ ತಾಯಿಯ ಕಡೆ, ಅದರೊಳಗೆ ಹೆಸರು" ಅಂತ ಮಾಡಿದರೆ ಹುಡುಕುವುದು ಸುಲಭ. ಆದರೆ ಎಲ್ಲ ಪ್ರೋಗ್ರಾಂಗಳೂ ಓದುವ ಖಾನೆಯಲ್ಲಿ ಹಂತಗಳಿಗೆ ಜಾಗವೇ ಇಲ್ಲ, ಅದು ಬರೀ ಚಪ್ಪಟೆ ಪಟ್ಟಿ. ಹಂತವನ್ನು ಪ್ರತಿ ಪ್ರೋಗ್ರಾಂ ತನ್ನದೇ ಖಾನೆಯಲ್ಲಿ ಬರೆಯುತ್ತದೆ. ಲೈಟ್‌ರೂಮ್ ನಡುವೆ ನೆಟ್ಟಗಿನ ಗೆರೆ ಹಾಕುತ್ತದೆ, ಡಿಜಿಕ್ಯಾಮ್ ತನ್ನ ಖಾನೆಯಲ್ಲಿ ಓರೆ ಗೆರೆ ಹಾಕುತ್ತದೆ, ಜೊತೆಗೆ ಲೈಟ್‌ರೂಮ್‌ನ ಖಾನೆಯನ್ನೂ ತುಂಬುತ್ತದೆ. ಹಂತ ಇಟ್ಟುಕೊಳ್ಳಿ, ಆದರೆ ಅದು ಒಂದು ದಿನ ಕಳಚಿಬಿದ್ದರೂ ಒಂಟಿ ಪದ ತಾನಾಗಿಯೇ ಅರ್ಥ ಕೊಡಬೇಕು. "ಇತರೆ", "ಬೇರೆ", "ಒಂದು" ಅಂತ ಕೆಳಗಿನ ಹಂತದಲ್ಲಿ ಇಟ್ಟರೆ ಆ ದಿನ ಅವು ಯಾವುದಕ್ಕೂ ಬರಲ್ಲ.

ಅಲ್ಪವಿರಾಮವನ್ನೂ ಗಮನಿಸಿ. "ಮಳೆ, ಸಂಜೆ" ಅನ್ನೋದು ಎರಡು ಕೀವರ್ಡ್ ಆಗಿರಬಹುದು, ಅಲ್ಪವಿರಾಮ ಸೇರಿದ ಒಂದೇ ಕೀವರ್ಡ್ ಕೂಡ ಆಗಿರಬಹುದು. ಎಕ್ಸಿಫ್‌ಟೂಲ್ ತೋರಿಸುವಾಗ ಎರಡೂ ಒಂದೇ ಥರ ಕಾಣುತ್ತವೆ. ನಡುವಿನ ಚಿಹ್ನೆಯನ್ನು ಬದಲಾಯಿಸಿ ನೋಡಿದರೆ ತಿಳಿಯುತ್ತದೆ.

ಮೊದಲಶಟರ್

ತುಂಬಾ ಉಪಕಾರವಾಯಿತು. 300ರಲ್ಲಿ ಅರ್ಧ ಕ್ಯಾಪ್ಶನ್‌ಗೇ ಹೋಗಬೇಕು ಅಂತ ಈಗ ಗೊತ್ತಾಗುತ್ತಿದೆ. ಹೆಸರು ಹಾಕಿದ ಫೋಟೋವನ್ನು ಬೇರೆಯವರಿಗೆ ಕಳಿಸಿದರೆ ಹೆಸರೂ ಹೋಗುತ್ತದಾ?

ಸೈಡ್‌ಕಾರ್

ಹೋಗುತ್ತದೆ, ಮನೆಯ ಜಿಪಿಎಸ್ ಕೂಡ. ಹೊರಗಿನವರಿಗೆ ಕೊಡುವಾಗ ಎಕ್ಸ್‌ಪೋರ್ಟ್ ಮಾಡಿ ಕೊಡಿ. ಲೈಟ್‌ರೂಮ್‌ನಲ್ಲಿ ವ್ಯಕ್ತಿಗಳ ವಿವರ ಬೇಡ, ಜಾಗದ ವಿವರ ಬೇಡ ಅಂತ ಬೇರೆ ಬೇರೆಯಾಗಿ ಹೇಳಬಹುದು. ಮಕ್ಕಳ ಫೋಟೋ ಆದರೆ ಇದನ್ನು ಮರೆಯಲೇಬೇಡಿ.

ನೆಗೆಟಿವ್‌ಪೆಟ್ಟಿಗೆ

ಸಿಕ್ಕಿತು! ಸ್ಕ್ರಿಪ್ಟ್ ಓಡಿಸಿದ್ದಕ್ಕಿಂತ ಎರಡು ವಾರ ಹಿಂದಿನ ಬ್ಯಾಕಪ್ ಇತ್ತು. ಎಸ್‌ಕ್ಯೂಲೈಟ್ ಓದುವ ಒಂದು ಉಚಿತ ಪ್ರೋಗ್ರಾಂನಲ್ಲಿ ತೆರೆದೆ. ಫೈಲ್ ಹೆಸರು, ಅದರ ಕೀವರ್ಡ್‌ಗಳು, ಎಲ್ಲ ಕನ್ನಡದಲ್ಲಿ ಹಾಗೇ ಇವೆ. ಅಜ್ಜಿ ಹೇಳಿದ ಹೆಸರುಗಳನ್ನು ಪರದೆ ಮೇಲೆ ನೋಡಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

340ರಲ್ಲಿ 329 ಸಿಕ್ಕವು. ಉಳಿದ 11 ಆ ಎರಡು ವಾರದಲ್ಲಿ ಹಾಕಿದವು, ಬ್ಯಾಕಪ್‌ನಲ್ಲಿ ಇಲ್ಲ. ಇವನ್ನೆಲ್ಲ ಫೈಲ್‌ಗೆ ಸೇರಿಸುವುದು ಹೇಗೆ ಅಂತ ಯಾರಾದರೂ ಹೇಳುತ್ತೀರಾ?

ಅಕ್ಷರಗಣಿತ

ಪಟ್ಟಿಯನ್ನು ಸಿಎಸ್‌ವಿ (ಕಾಲಂಗಳಾಗಿ ವಿಂಗಡಿಸಿದ ಪಠ್ಯ ಫೈಲ್) ಮಾಡಿಕೊಳ್ಳಿ: ಮೊದಲ ಕಾಲಂನಲ್ಲಿ ಫೈಲ್ ಹೆಸರು, ಎರಡನೆಯದರಲ್ಲಿ ಕೀವರ್ಡ್‌ಗಳು. ಯುಟಿಎಫ್-8 ಅಂತ ಸೇವ್ ಮಾಡಿ. ಸೇವ್ ಮಾಡುವ ಮುಂಚೆ ಎಲ್ಲ ಪದಗಳನ್ನೂ ಕೂಡಿದ ರೂಪಕ್ಕೆ ತಂದು, ಪದದ ಕೊನೆಯಲ್ಲಿ ಉಳಿದ ಶೂನ್ಯ ಅಗಲದ ಸಂಕೇತ ತೆಗೆಯಿರಿ. ಎಕ್ಸಿಫ್‌ಟೂಲ್ ಸಿಎಸ್‌ವಿಯನ್ನು ಓದಿ ಆಯಾ ಫೈಲ್‌ಗೆ ಬರೆಯುತ್ತದೆ. ಕೀವರ್ಡ್‌ಗಳ ನಡುವಿನ ಚಿಹ್ನೆ ಯಾವುದು ಅಂತ ಹೇಳಲು ಮರೆಯಬೇಡಿ, ಇಲ್ಲದಿದ್ದರೆ ಎಲ್ಲ ಸೇರಿ ಒಂದೇ ಉದ್ದದ ಕೀವರ್ಡ್ ಆಗುತ್ತದೆ. ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ (ಕಮಾಂಡ್ ಟೈಪ್ ಮಾಡುವ ಜಾಗ) ಕನ್ನಡ ಟೈಪ್ ಮಾಡಲು ಹೋಗಬೇಡಿ, ಅಲ್ಲಿಯೂ ಅಕ್ಷರ ಕೆಡಬಹುದು.

ಬರೆಯೋದು ಎಕ್ಸ್‌ಎಂಪಿಗೆ ಮಾತ್ರ ಸಾಕು. ಐಪಿಟಿಸಿಯ ಕೀವರ್ಡ್ ಖಾನೆಯನ್ನು ಖಾಲಿ ಮಾಡಿ. ಅದು ಇಲ್ಲದಿದ್ದರೆ ಹೊಸ ಪ್ರೋಗ್ರಾಂ ಎಕ್ಸ್‌ಎಂಪಿಯನ್ನೇ ಓದಬೇಕಾಗುತ್ತದೆ. ಮೊದಲು ಮೂರು ಫೋಟೋಗಳ ಪ್ರತಿ ಮೇಲೆ ಮಾಡಿ, ಎರಡು ಬೇರೆ ಪ್ರೋಗ್ರಾಂನಲ್ಲಿ ತೆರೆದು ನೋಡಿ, ಆಮೇಲೆ ಉಳಿದದ್ದು.

ಆ 11ಕ್ಕೂ ಒಂದು ದಾರಿ ಇದೆ ಅನಿಸುತ್ತದೆ. ಪ್ರತಿ ಸಂಕೇತಕ್ಕೂ ಒಂದು ಪ್ರಶ್ನೆ ಚಿಹ್ನೆ ಅಂದೆನಲ್ಲ, ಖಾಲಿ ಜಾಗ ಹಾಗೇ ಉಳಿದಿರುತ್ತದೆ. "ಕೆಂಪು ಮನೆ" ಅಂತ ಇದ್ದಿದ್ದರೆ ಐದು ಚಿಹ್ನೆ, ಖಾಲಿ ಜಾಗ, ಮೂರು ಚಿಹ್ನೆ. ನಿಮ್ಮ ಹತ್ತಿರ ಈಗ ಸರಿಯಾದ ಹೆಸರುಗಳ ಪಟ್ಟಿ ಇದೆ. ಪ್ರತಿ ಹೆಸರಿನ ಸಂಕೇತ ಎಣಿಸಿ, ಯಾವುದು ಯಾವ ಗುಂಪಿಗೆ ಹೊಂದುತ್ತದೆ ನೋಡಿ. ಅದೇ ಎರಡು ವಾರದ ಫೋಟೋಗಳು ಒಂದೇ ಆಲ್ಬಮ್‌ನವು ಆಗಿದ್ದರೆ ಹೆಸರುಗಳೂ ಅವೇ ಇರುತ್ತವೆ.

ಹಳೇಡೆಸ್ಕ್

ಬರೆಯುವ ಹೊತ್ತಿಗೆ ಸ್ಕ್ಯಾನ್‌ಗಳ ದಿನಾಂಕವನ್ನೂ ನೋಡಿಬಿಡಿ. ಸ್ಕ್ಯಾನರ್ ಬರೆಯೋದು ಸ್ಕ್ಯಾನ್ ಮಾಡಿದ ದಿನ. ಎಕ್ಸಿಫ್‌ನಲ್ಲಿ "ತೆಗೆದ ಸಮಯ" ಮತ್ತು "ಡಿಜಿಟಲ್ ಮಾಡಿದ ಸಮಯ" ಅಂತ ಎರಡು ಖಾನೆ ಇವೆ. ಎರಡನೆಯದು ಹಾಗೇ ಇರಲಿ, ಮೊದಲನೆಯದನ್ನು ತಿದ್ದಬೇಕು. 1974 ಅಂತ ಮಾತ್ರ ಗೊತ್ತು, ತಿಂಗಳು ಗೊತ್ತಿಲ್ಲ ಅಂದರೆ ಎಕ್ಸಿಫ್‌ಗೆ ಕಷ್ಟ, ಅದಕ್ಕೆ ಪೂರ್ತಿ ದಿನಾಂಕದ ನಮೂನೆಯೇ ಬೇಕು. ಎಕ್ಸ್‌ಎಂಪಿಯ ದಿನಾಂಕದಲ್ಲಿ ಬರೀ ವರ್ಷ ಬರೆದರೂ ಸಿಂಧು. ನಾನು ಎಕ್ಸಿಫ್‌ನಲ್ಲಿ ಜನವರಿ 1 ಅಂತ ಹಾಕಿ "ದಿನಾಂಕ ಅಂದಾಜು" ಅಂತ ಒಂದು ಕೀವರ್ಡ್ ಸೇರಿಸುತ್ತೇನೆ. ಆ ಕೀವರ್ಡ್ ಇಲ್ಲದಿದ್ದರೆ ಮುಂದೆ ಯಾರೋ ಅದನ್ನು ನಿಜವಾದ ಜನವರಿ 1 ಅಂತಲೇ ನಂಬುತ್ತಾರೆ.

ನೆಗೆಟಿವ್‌ಪೆಟ್ಟಿಗೆ

ಹತ್ತು ದಿನ ಆಯಿತು, ಏನಾಯಿತು ಅಂತ ಹೇಳಲು ಬಂದೆ.

ಮೊದಲು ಮೂರು ಫೋಟೋ, ಆಮೇಲೆ ಮೂವತ್ತು, ಆಮೇಲೆ ಎಲ್ಲ. ತುಂಡಾದವೆಲ್ಲ ಸರಿಹೋದವು. ಕೀವರ್ಡ್ ಇಲ್ಲದಿದ್ದವಕ್ಕೆ ಹಳೇ ಡೇಟಾಬೇಸ್‌ನಿಂದ ತಂದು ಬರೆದೆ. "ಕೋಟೆ" ಈಗ ಒಂದೇ ಇದೆ, 74 ಫೋಟೋ. 329 ಸ್ಕ್ಯಾನ್‌ಗಳಲ್ಲಿ ಹೆಸರುಗಳು ಎರಡು ಬೇರೆ ಪ್ರೋಗ್ರಾಂಗಳಲ್ಲಿಯೂ ಕಾಣುತ್ತಿವೆ. ಬ್ಯಾಕಪ್‌ಕಾವಲು ಅವರು ಹೇಳಿದ ಹಾಗೆ ಫೋಲ್ಡರ್ ಮುಗಿದ ಮೇಲೆ ಒಂದೇ ಸಲ ಬರೆದು ಚೆಕ್‌ಸಮ್ ತೆಗೆದಿಟ್ಟಿದ್ದೇನೆ. ಪಟ್ಟಿಗಾರ್ತಿಯವರ ಮಾತು ಕೇಳಿ "ಅಜ್ಜಿ" ಅಂತ ಇದ್ದ ಕೀವರ್ಡ್ ತೆಗೆದು ಅವರ ಹೆಸರು ಹಾಕಿದೆ. ಅದನ್ನು ಟೈಪ್ ಮಾಡುವಾಗ ಕೈ ಒಂದು ಕ್ಷಣ ನಿಂತಿತು.

ಪ್ರಶ್ನೆ ಚಿಹ್ನೆಯ 11 ಫೋಟೋಗಳನ್ನು ಅಮ್ಮನ ಜೊತೆ ಕೂತು ಎಣಿಸಿದೆ. ಒಂಬತ್ತರಲ್ಲಿ ಪ್ರತಿ ಗುಂಪಿಗೂ ಒಂದೇ ಹೆಸರು ಹೊಂದಿತು. ಅಮ್ಮ ಮುಖ ನೋಡಿ ಹೌದು ಅಂದರು. ಎರಡು ಫೋಟೋಗಳಲ್ಲಿ ಒಬ್ಬ ಹುಡುಗಿ ಬಾವಿಕಟ್ಟೆ ಪಕ್ಕ ನಿಂತಿದ್ದಾಳೆ. ಅವಳ ಹೆಸರಿಗೆ ನಾಲ್ಕು ಚಿಹ್ನೆ. ಅಜ್ಜಿಗೆ ಇಬ್ಬರು ತಂಗಿಯರಿದ್ದರು, ಇಬ್ಬರ ಹೆಸರೂ ನಾಲ್ಕೇ ಸಂಕೇತ. ಅಮ್ಮನಿಗೂ ಗೊತ್ತಾಗಲಿಲ್ಲ. ಕ್ಯಾಪ್ಶನ್‌ನಲ್ಲಿ ಇಬ್ಬರ ಹೆಸರನ್ನೂ ಬರೆದು, "ಇಬ್ಬರಲ್ಲಿ ಒಬ್ಬರು" ಅಂತ ಸೇರಿಸಿದ್ದೇನೆ. ಕೀವರ್ಡ್‌ನಲ್ಲಿ "ಹೆಸರು ಖಚಿತವಿಲ್ಲ" ಅಂತ ಹಾಕಿದ್ದೇನೆ. ಎರಡು ಪ್ರಿಂಟ್‌ಗಳ ಹಿಂಬದಿಯನ್ನು ಇನ್ನೂ ನೋಡಿಲ್ಲ, ಅವು ಆಲ್ಬಮ್‌ಗೆ ಅಂಟಿಕೊಂಡಿವೆ. ಹರಿಯದ ಹಾಗೆ ಬಿಡಿಸುವುದು ಹೇಗೆ ಅಂತ ಹೊಸ ಪ್ರಶ್ನೆ ಹಾಕುತ್ತೇನೆ.